ಒಂದು ಟನ್ ಕಬ್ಬಿಗೆ ಎಷ್ಟು ಭಾರತ?

2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ಟನ್ನಿಗೆ 3,550 ರೂಪಾಯಿ. ಅದಕ್ಕೆ ಶೇ 10.25 ಸಕ್ಕರೆ ರಿಕವರಿ ಬರಬೇಕು, ಕಟಾವು–ಸಾಗಾಟದ ಖರ್ಚೂ ಅದರಲ್ಲೇ ಮುರಿಯಬೇಕು. ಮುಧೋಳದ ರೈತನ ಕೈಗೆ ಕೊನೆಗೆ ಸೇರುವುದೆಷ್ಟು ಎಂಬುದು ವರ್ಷವರ್ಷದ ಜಗಳ. ಆ ಜಗಳವನ್ನು ಪಕ್ಕಕ್ಕಿಟ್ಟು, 3,550 ಎಂಬ ಅಂಕಿಯನ್ನಷ್ಟೇ ಹಿಡಿದು ಒಂದು ಲೆಕ್ಕ ಹಾಕೋಣ. ಒಂದು ಟನ್ ಕಬ್ಬಿನ ದುಡ್ಡಿಗೆ ಶೇರು ಪೇಟೆಯಲ್ಲಿ ಎಷ್ಟು ಭಾರತ ಬರುತ್ತದೆ?

ಹನ್ನೆರಡು ಯೂನಿಟ್.

ಇಲ್ಲಿ ಯೂನಿಟ್ ಎಂದರೆ ನಿಫ್ಟಿ ಬೀಸ್ ಎಂಬ ಇಟಿಎಫ್‌ನ ಒಂದು ಪಾಲು. 2001ರ ಡಿಸೆಂಬರಿನಲ್ಲಿ ಬೆಂಚ್‌ಮಾರ್ಕ್ ಎಂಬ ಸಣ್ಣ ಮ್ಯೂಚುವಲ್ ಫಂಡ್ ಸಂಸ್ಥೆ ಹುಟ್ಟುಹಾಕಿದ, ಭಾರತದ ಮೊದಲ ಇಟಿಎಫ್ ಇದು. ಆಮೇಲೆ ಗೋಲ್ಡ್‌ಮನ್ ಸ್ಯಾಕ್ಸ್, ರಿಲಯನ್ಸ್ ಕೈದಾಟಿ ಈಗ ನಿಪ್ಪಾನ್ ಇಂಡಿಯಾದ ಬಳಿ ಇದೆ. ನಿಫ್ಟಿ ಸೂಚ್ಯಂಕ 25,000ದ ಮಟ್ಟದಲ್ಲಿದ್ದಾಗ ಇದರ ಒಂದು ಯೂನಿಟ್ಟಿನ ಬೆಲೆ 280 ರೂಪಾಯಿಯ ಆಸುಪಾಸು. ಆ ಯೂನಿಟ್ಟಿನೊಳಗೆ ದೇಶದ 50 ದೊಡ್ಡ ಕಂಪನಿಗಳ ಶೇರುಗಳು ಅವುಗಳ ಗಾತ್ರಕ್ಕೆ ತಕ್ಕ ಪ್ರಮಾಣದಲ್ಲಿ ಸೇರಿಕೊಂಡಿವೆ. ಬೆಲೆ ಏರಿಳಿಯುವುದು ಶೇರಿನ ಹಾಗೆಯೇ, ಕೊಳ್ಳುವುದು ಮಾರುವುದೂ ಶೇರಿನ ಹಾಗೆಯೇ. ಡಿಮ್ಯಾಟ್ ಖಾತೆ ಇದ್ದರೆ ರಬಕವಿಯ ಚಹದಂಗಡಿಯಲ್ಲಿ ಕೂತು ಮೊಬೈಲಿನಲ್ಲೇ ಕೊಳ್ಳಬಹುದು.

ಒಂದು ಟನ್ ಕಬ್ಬಿನ ದುಡ್ಡನ್ನು ಹೀಗೆ ಹಾಕಿದರೆ ಅದರಲ್ಲಿ ಸುಮಾರು 450 ರೂಪಾಯಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೋಗುತ್ತದೆ. ಐಸಿಐಸಿಐ ಬ್ಯಾಂಕಿಗೂ ರಿಲಯನ್ಸಿಗೂ ಸುಮಾರು ಮುನ್ನೂರು ಮುನ್ನೂರು. ಮೊದಲ ಹತ್ತು ಕಂಪನಿಗಳೇ ಅರ್ಧಕ್ಕಿಂತ ಹೆಚ್ಚು ನುಂಗುತ್ತವೆ, ಉಳಿದ ನಲವತ್ತು ಮಿಕ್ಕಿದ್ದನ್ನು ಹಂಚಿಕೊಳ್ಳುತ್ತವೆ. ಇಷ್ಟನ್ನೂ ನೋಡಿಕೊಳ್ಳಲು ಫಂಡ್ ಹಿಡಿಯುವ ಸಂಬಳ ವರ್ಷಕ್ಕೆ ಶೇ 0.04. ಯೂನಿಟ್ಟಿಗೆ ಹನ್ನೊಂದು ಪೈಸೆ, ಒಂದು ಟನ್ ಕಬ್ಬಿಗೆ ಒಂದೂವರೆ ರೂಪಾಯಿಯೂ ಇಲ್ಲ. ಇದೇ ಭಾರತವನ್ನು ಅಮೆರಿಕದವನು ತನ್ನ ಊರಿನ ಪೇಟೆಯಲ್ಲಿ ಐಶೇರ್ಸ್‌ನ ಇಂಡಿಯಾ ಫಂಡ್ ಮೂಲಕ ಕೊಂಡರೆ ಶೇ 0.6ಕ್ಕೂ ಹೆಚ್ಚು ತೆರಬೇಕು. ಭಾರತವನ್ನು ಕೊಳ್ಳಲು ನ್ಯೂಯಾರ್ಕಿನ ಸಾಹುಕಾರನಿಗೆ ಬೀಳುವ ವಾರ್ಷಿಕ ಖರ್ಚು ಬನಹಟ್ಟಿಯ ನೇಕಾರನಿಗೆ ಬೀಳುವುದರ ಹದಿನೈದು ಪಟ್ಟು!

ಅರೆದು ಮುಗಿಸಲು ಹದಿನೇಳು ಸಾವಿರ ವರ್ಷ

ಈ ಹನ್ನೆರಡು ಯೂನಿಟ್ ಎಂಥ ಸಮುದ್ರದ ಹನಿ ಎಂದು ತಿಳಿಯಬೇಕಾದರೆ ಅಳತೆಗೋಲನ್ನು ಕೆಳಗಿಡಬಾರದು, ಕಬ್ಬಿನಲ್ಲೇ ಅಳೆಯಬೇಕು.

ದೇಶದ ಅತಿ ದೊಡ್ಡ ಇಟಿಎಫ್ ಎಸ್‌ಬಿಐ ನಿಫ್ಟಿ 50. ಅದರಲ್ಲಿ ಕೂಡಿರುವ ಹಣ ಸುಮಾರು 2 ಲಕ್ಷ ಕೋಟಿ ರೂಪಾಯಿ. ಟನ್ನಿಗೆ 3,550ರಂತೆ ಭಾಗಿಸಿದರೆ 56 ಕೋಟಿ ಟನ್ ಕಬ್ಬು. ಇಡೀ ಭಾರತ ಒಂದು ವರ್ಷದಲ್ಲಿ ಬೆಳೆಯುವ ಕಬ್ಬು ಸುಮಾರು 45 ಕೋಟಿ ಟನ್. ಉತ್ತರ ಪ್ರದೇಶ, ಮಹಾರಾಷ್ಟ್ರ, ಕರ್ನಾಟಕ ಎಲ್ಲ ಸೇರಿ ಬೆಳೆದ ಒಂದು ವರ್ಷದ ಬೆಳೆಯನ್ನೆಲ್ಲ ಎಫ್‌ಆರ್‌ಪಿ ದರಕ್ಕೆ ಮಾರಿದರೂ ಈ ಒಂದು ಫಂಡಿನಷ್ಟು ದುಡ್ಡು ಹುಟ್ಟುವುದಿಲ್ಲ.

ಸಮೀರವಾಡಿಯ ಗೋದಾವರಿ ಕಾರ್ಖಾನೆಗೆ ದಿನಕ್ಕೆ 18,000 ಟನ್ ಅರೆಯುವ ಸಾಮರ್ಥ್ಯವಿದೆ. ಹಂಗಾಮಿನಲ್ಲಿ ಅದರ ಮುಂದೆ ನಿಲ್ಲುವ ಟ್ರ್ಯಾಕ್ಟರುಗಳ ಸಾಲನ್ನು ಕಂಡವರಿಗೆ 18,000 ಟನ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಕಾರ್ಖಾನೆ ಒಂದು ದಿನವೂ ನಿಲ್ಲದೆ, ಮಳೆಗಾಲ ಬೇಸಿಗೆ ಎನ್ನದೆ ಅರೆಯುತ್ತಲೇ ಹೋದರೆ 56 ಕೋಟಿ ಟನ್ ಮುಗಿಯಲು 85 ವರ್ಷ ಬೇಕು.

ಇದು ಒಂದು ಫಂಡಿನ ಮಾತಾಯಿತು. ಮುಂಬೈ ಶೇರು ಪೇಟೆಯಲ್ಲಿ ನೋಂದಾಯಿಸಿದ ಎಲ್ಲ ಕಂಪನಿಗಳ ಒಟ್ಟು ಮೌಲ್ಯ 2024ರ ಏಪ್ರಿಲ್‌ನಲ್ಲಿ 400 ಲಕ್ಷ ಕೋಟಿ ರೂಪಾಯಿ ದಾಟಿತು. ಕಬ್ಬಿನಲ್ಲಿ ಅಳೆದರೆ 11,000 ಕೋಟಿ ಟನ್ನಿಗೂ ಮೇಲೆ, ಅಂದರೆ ದೇಶದ 250 ವರ್ಷದ ಬೆಳೆ. ಸಮೀರವಾಡಿಯ ಗಾಣಕ್ಕೆ ಅದು 17,000 ವರ್ಷದ ಕೆಲಸ. ಅಷ್ಟು ವರ್ಷ ಹಿಂದಕ್ಕೆ ಹೋದರೆ ಮನುಷ್ಯ ಇನ್ನೂ ಬೇಸಾಯವನ್ನೇ ಕಲಿತಿರಲಿಲ್ಲ.

ಗೊತ್ತಿಲ್ಲದೆ ಪಾಲುದಾರರಾದವರು

ಎಸ್‌ಬಿಐ ಫಂಡಿನ ಆ 2 ಲಕ್ಷ ಕೋಟಿ ಯಾರದು? ಮುಂಬೈನ ದಲ್ಲಾಳಿಗಳದಲ್ಲ, ದಿಲ್ಲಿಯ ಶ್ರೀಮಂತರದೂ ಅಲ್ಲ. ಅದರಲ್ಲಿ ಬಹುಪಾಲು ನೌಕರರ ಭವಿಷ್ಯ ನಿಧಿಯ ಹಣ. ಇಪಿಎಫ್‌ಒ 2015ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಇಟಿಎಫ್‌ಗೆ ಕಾಲಿಟ್ಟಿತು. ಹೊಸದಾಗಿ ಬರುವ ಹಣದಲ್ಲಿ ಮೊದಲು ಶೇ 5, ಮರುವರ್ಷ ಶೇ 10, 2017ರಿಂದ ಶೇ 15. ಹೀಗಾಗಿ ಪಗಾರದ ಚೀಟಿಯಲ್ಲಿ ಪಿಎಫ್ ಕಡಿತವಾಗುವ ಸಕ್ಕರೆ ಕಾರ್ಖಾನೆಯ ಫಿಟ್ಟರ್ ಆಗಲಿ, ಖಾಸಗಿ ಕಂಪನಿಯ ಗುಮಾಸ್ತನಾಗಲಿ, ತನಗೆ ಗೊತ್ತಿಲ್ಲದೆಯೇ ನಿಫ್ಟಿಯ ಪಾಲುದಾರ. ‘ನಾವು ಶೇರು ಗೀರಿಗೆ ಹೋಗುವವರಲ್ಲ’ ಎನ್ನುತ್ತಲೇ ಹತ್ತು ವರ್ಷದಿಂದ ಶೇರು ಕೊಳ್ಳುತ್ತ ಬಂದವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಪಿಎಫ್ ಇಲ್ಲದ ಮಗ್ಗದ ಕೂಲಿಗೆ ಮಾತ್ರ ಆ ಪಾಲೂ ಇಲ್ಲ.

ಸಣ್ಣ ಹಣವನ್ನು ಗುಡ್ಡೆ ಹಾಕುವುದು ಈ ನಾಡಿಗೆ ಹೊಸದೇನಲ್ಲ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ, 1928ರಲ್ಲಿ ಟಿ.ಎಂ.ಎ. ಪೈ ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಪಿಗ್ಮಿ, ಜಮಖಂಡಿ–ಬನಹಟ್ಟಿ ಓಣಿಗಳಲ್ಲಿ ಇಂದಿಗೂ ನಡೆಯುವ ಭಿಶಿ (ಚೀಟಿ), ಎಲ್ಲವೂ ಒಂದೇ ಬುದ್ಧಿಯ ಮಕ್ಕಳು. ಭಿಶಿಯಲ್ಲಿ ಇಪ್ಪತ್ತು ಜನ ಸೇರುತ್ತಾರೆ, ಎಲ್ಲರ ಮುಖವೂ ಪರಿಚಿತ. ಇಟಿಎಫ್‌ನಲ್ಲಿ ಕೋಟಿಗಟ್ಟಲೆ ಜನರ ದುಡ್ಡು ಸೇರುತ್ತದೆ, ಒಬ್ಬರ ಮುಖವೂ ಗೊತ್ತಿಲ್ಲ.

ಖರ್ಚು ಒಳಗೆ, ದುಡಿಮೆ ಹೊರಗೆ

ನಿಫ್ಟಿ ಫಂಡನ್ನು ಇಲ್ಲಿಯವರೆಗೆ ‘ಭಾರತ’ ಎಂದೇ ಕರೆದೆವು. ಒಳಗೆ ಎಷ್ಟು ದೇಶವಿದೆ ಎಂದು ಕೇಳಬೇಕು.

ಮುಂಬೈ ಪೇಟೆಯಲ್ಲಿ ನೋಂದಣಿಯಾದ ಕಂಪನಿಗಳು 5,000ಕ್ಕೂ ಹೆಚ್ಚು. ನಿಫ್ಟಿಯೊಳಗೆ 50. ನೂರಕ್ಕೆ ಒಂದೂ ಬೀಳುವುದಿಲ್ಲ. ಹಾಗಿದ್ದೂ ರಾಷ್ಟ್ರೀಯ ಶೇರು ಪೇಟೆ ಎನ್‌ಎಸ್‌ಇಯಲ್ಲಿ ಕೈಬದಲಾಗಲು ಸಿಗುವ ಶೇರುಗಳ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಐವತ್ತರದೇ. ಸಂಖ್ಯೆಯಲ್ಲಿ ನೋಡಿದರೆ ಒಂದು ಹಿಡಿ, ದುಡ್ಡಿನಲ್ಲಿ ನೋಡಿದರೆ ಅರ್ಧ ಕಣಜ.

ನಮ್ಮ ಬಾಗಲಕೋಟೆ ಜಿಲ್ಲೆಯ ನಾಲ್ಕು ಊರುಗಳನ್ನು ಇದರೊಳಗೆ ಹುಡುಕಿ ನೋಡಿ. ಮುಧೋಳ ತಾಲ್ಲೂಕಿನ ಕಬ್ಬಿನ ಗದ್ದೆಗೆ ಬರುವ ಮಹೀಂದ್ರ ಟ್ರ್ಯಾಕ್ಟರ್ ನಿಫ್ಟಿಯೊಳಗಿದೆ. ಜಮಖಂಡಿಯಲ್ಲಿ ಏಳುವ ಮನೆಯ ಅಲ್ಟ್ರಾಟೆಕ್ ಸಿಮೆಂಟು, ಏಷ್ಯನ್ ಪೇಂಟ್ಸ್ ಬಣ್ಣ ಒಳಗಿವೆ. ಬೀಳಗಿಯ ಅಂಗಡಿಯ ಹಿಂದೂಸ್ತಾನ್ ಯೂನಿಲಿವರ್ ಸಾಬೂನು, ಮೊಬೈಲಿನ ಜಿಯೋ, ಏರ್‌ಟೆಲ್, ಪೇಟೆಯ ಸ್ಟೇಟ್ ಬ್ಯಾಂಕು, ಮದುವೆಗೆ ಕೊಂಡ ಟೈಟನ್ ಒಡವೆ, ಎಲ್ಲವೂ ಒಳಗೇ. ಆದರೆ ಸಕ್ಕರೆ ಕಾರ್ಖಾನೆ ಒಂದೂ ಇಲ್ಲ. ರಬಕವಿ–ಬನಹಟ್ಟಿಯ ಹಾಗೆ ಸೀರೆ ನೇಯುವ ಕಂಪನಿ ಒಂದೂ ಇಲ್ಲ. ದೇಶದ ದುಡಿಯುವ ಕೈಗಳಲ್ಲಿ ಶೇ 46ರಷ್ಟು ಬೇಸಾಯದಲ್ಲಿವೆ, ಬೇಸಾಯವನ್ನೇ ಕಸುಬಾಗಿ ಹಿಡಿದ ಕಂಪನಿ ಐವತ್ತರಲ್ಲಿ ಇಲ್ಲವೇ ಇಲ್ಲ. ನಮ್ಮೂರಿನ ಖರ್ಚೆಲ್ಲ ಸೂಚ್ಯಂಕದ ಒಳಗಿದೆ, ದುಡಿಮೆಯೆಲ್ಲ ಹೊರಗಿದೆ.

ಈ ನೆಲದಿಂದ ಶೇರು ಪೇಟೆಗೆ ಹೋದವರು ಇಲ್ಲವೆಂದಲ್ಲ. ಸಮೀರವಾಡಿಯಲ್ಲಿ ಅರೆಯುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರಿನಲ್ಲಿ ತಲಾ 352 ರೂಪಾಯಿಗೆ ಶೇರು ಮಾರಿತು. ಪೇಟೆಗಿಳಿದ ಮೊದಲ ದಿನವೇ ಬೆಲೆ 310ರ ಸುತ್ತ ಶುರುವಾಯಿತು. ಮುಧೋಳ–ಜಮಖಂಡಿ ರಸ್ತೆಯ ಕುಳಲಿ ಕ್ರಾಸಿನ ವಿಳಾಸ ಹೊತ್ತ, ನಿರಾಣಿ ಬಳಗದ ಎಥೆನಾಲ್ ಕಂಪನಿ ಟ್ರೂಆಲ್ಟ್ ಬಯೋಎನರ್ಜಿ 2025ರ ಸೆಪ್ಟೆಂಬರಿನಲ್ಲಿ 496 ರೂಪಾಯಿಗೆ ಬಂತು. ಅದು ಮೊದಲ ದಿನ 550ರ ಆಸುಪಾಸಿಗೆ ತೆರೆಯಿತು. ಒಂದೇ ಬೆಳೆ ನಂಬಿದ ಎರಡು ಕಂಪನಿಗಳ ಆರಂಭ ಹೀಗೆ ಎರಡು ಬಗೆ.

ಗಾತ್ರ ನೋಡಿ. ಮಾರಿದ ಬೆಲೆಯಲ್ಲಿ ಗೋದಾವರಿಯ ಒಟ್ಟು ಮೌಲ್ಯ ಸುಮಾರು 1,800 ಕೋಟಿ. ಎಚ್‌ಡಿಎಫ್‌ಸಿ ಬ್ಯಾಂಕಿನದು 2025ರಲ್ಲಿ 15 ಲಕ್ಷ ಕೋಟಿಯ ಆಸುಪಾಸು. ಎಂಟುನೂರು ಗೋದಾವರಿ ಒಟ್ಟುಗೂಡಿದರೆ ಒಂದು ಎಚ್‌ಡಿಎಫ್‌ಸಿ! ಹತ್ತಾರು ಹಳ್ಳಿಗಳ ಬದುಕನ್ನು ಹಿಡಿದು ನಿಂತ ಕಾರ್ಖಾನೆ ದೇಶದ ಲೆಕ್ಕದ ಪುಸ್ತಕದಲ್ಲಿ ಒಂದು ಚುಕ್ಕೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಕಬ್ಬಿನವನಿಗೆ ಈ ಫಂಡು ಒದಗುವುದೇ ಈ ಕಾರಣಕ್ಕೆ. ಕೃಷ್ಣೆ, ಘಟಪ್ರಭೆಗಳಲ್ಲಿ ನೀರು ಕಡಿಮೆಯಾದ ವರ್ಷ, ಕಾರ್ಖಾನೆ ಬಿಲ್ಲು ತಡಮಾಡಿದ ವರ್ಷ, ಸೀರೆಗೆ ಗಿರಾಕಿ ಇಲ್ಲದ ವರ್ಷ, ಬ್ಯಾಂಕು–ಎಣ್ಣೆ–ಮೊಬೈಲಿನ ಕಂಪನಿಗಳು ಅದೇ ಕಾರಣಕ್ಕೆ ಬೀಳುವುದಿಲ್ಲ. ಹೊಲವೂ ಕಬ್ಬು, ಕೈಯಲ್ಲಿರುವ ಶೇರೂ ಸಕ್ಕರೆ ಎಂದಾದರೆ ಒಂದೇ ಬರಗಾಲ ಎರಡು ಸಲ ಹೊಡೆಯುತ್ತದೆ.

ನೂರು ರೂಪಾಯಿ ಎಂಬತ್ತೈದು ಸಾವಿರವಾದ ಕಥೆ

ಮುಂಬೈ ಪೇಟೆಯ ಸೂಚ್ಯಂಕ ಸೆನ್ಸೆಕ್ಸ್‌ಗೆ 1978–79ರಲ್ಲಿ 100 ಎಂದು ಅಂಕಿ ಇಟ್ಟರು. 1990ರ ಜುಲೈನಲ್ಲಿ ಅದು ಸಾವಿರ ಮುಟ್ಟಿತು. 2024ರ ಸೆಪ್ಟೆಂಬರಿನಲ್ಲಿ 85,000 ದಾಟಿತು. 45 ವರ್ಷದಲ್ಲಿ 850 ಪಟ್ಟು, ವರ್ಷಕ್ಕೆ ಸರಾಸರಿ ಶೇ 16ರಷ್ಟು ಏರಿಕೆ. ಡಿವಿಡೆಂಡ್ ಇದರಲ್ಲಿ ಸೇರಿಲ್ಲ. ನಿಫ್ಟಿ ಬೀಸ್ ಪೇಟೆಗೆ ಬಂದಾಗ, 2002ರ ಆರಂಭದಲ್ಲಿ, ನಿಫ್ಟಿ ಸಾವಿರದ ಚಿಲ್ಲರೆಯಲ್ಲಿತ್ತು. 2024ರ ಸೆಪ್ಟೆಂಬರಿನಲ್ಲಿ 26,000. ಆಗ ಹಾಕಿ ಮರೆತುಬಿಟ್ಟ ಒಂದು ಲಕ್ಷ 24 ಲಕ್ಷಕ್ಕೂ ಮೇಲೆ ಬೆಳೆದಿರುತ್ತಿತ್ತು.

ಇಲ್ಲಿಗೆ ಲೇಖನ ಮುಗಿಸಿದರೆ ಅದು ಜಾಹೀರಾತು. ಸರಾಸರಿ ಎಂಬ ಮಾತು ಹಳ್ಳ ದಿಣ್ಣೆಗಳನ್ನು ಮುಚ್ಚಿಡುತ್ತದೆ. ಶೇರು ದಲ್ಲಾಳಿ ಹರ್ಷದ್ ಮೆಹ್ತಾನ ದಿನಗಳಲ್ಲಿ, 1992ರ ಏಪ್ರಿಲ್ 22ರಂದು, ಸೆನ್ಸೆಕ್ಸ್ 4,467 ಮುಟ್ಟಿತ್ತು. ಹನ್ನೊಂದು ವರ್ಷದ ಮೇಲೆ, 2003ರ ಏಪ್ರಿಲ್‌ನಲ್ಲಿ, ಅದು 3,000ಕ್ಕಿಂತ ಕೆಳಗಿತ್ತು. ಆ ಹನ್ನೊಂದು ವರ್ಷದಲ್ಲಿ ದೇಶದ ಉತ್ಪನ್ನ ರೂಪಾಯಿ ಲೆಕ್ಕದಲ್ಲಿ ಮೂರು ಪಟ್ಟಿಗೂ ಹೆಚ್ಚು ಬೆಳೆದಿತ್ತು. ದೇಶ ಬೆಳೆಯಿತು, ಶಿಖರದಲ್ಲಿ ಕೊಂಡವನ ದುಡ್ಡು ಮೂರರಲ್ಲಿ ಒಂದು ಪಾಲು ಕರಗಿತು.

2008ರ ಜನವರಿಯಲ್ಲಿ ನಿಫ್ಟಿ 6,288ಕ್ಕೆ ಮುಗಿದ ದಿನವಿತ್ತು. ಅಕ್ಟೋಬರ್ 27ರ ಹೊತ್ತಿಗೆ 2,524. ಹತ್ತು ತಿಂಗಳೊಳಗೆ ನೂರು ರೂಪಾಯಿ ನಲವತ್ತಾಯಿತು. ನಲವತ್ತು ಮತ್ತೆ ನೂರಾಗಬೇಕಾದರೆ ಶೇ 60 ಏರಿದರೆ ಸಾಲದು, ಶೇ 150 ಏರಬೇಕು. 2020ರಲ್ಲಿ ಕೊರೊನಾ ಬಂದಾಗ ಜನವರಿ 14ರಿಂದ ಮಾರ್ಚ್ 23ರವರೆಗಿನ 69 ದಿನಗಳಲ್ಲಿ ಶೇ 38 ಇಳಿಯಿತು. ಕೊನೆಯ ಆ ಒಂದೇ ದಿನ ಇಳಿದದ್ದು ಶೇ 13. ಕಬ್ಬಿನ ನಾಟಿಯಿಂದ ಕಟಾವಿಗೆ ಹನ್ನೆರಡು ತಿಂಗಳು ಬೇಕು, ಶೇರು ಪೇಟೆಗೆ ಮೂರನೇ ಒಂದು ಪಾಲಿಗೂ ಹೆಚ್ಚು ಬೆಳೆ ಒಣಗಿಸಲು ಎರಡು ತಿಂಗಳ ಮೇಲೆ ಕೆಲವೇ ದಿನ ಸಾಕು.

ಬೇರೆ ದೇಶಗಳ ಪಾಠ

ಒಂದು ದೇಶಕ್ಕೊಂದು ಫಂಡ್ ಎಂಬ ಯೋಚನೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1996ರ ಮಾರ್ಚ್‌ನಲ್ಲಿ. ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಒಮ್ಮೆಗೇ 17 ದೇಶಗಳ ಫಂಡುಗಳು ಇಳಿದವು. ಜಪಾನ್, ಜರ್ಮನಿ, ಮಲೇಷ್ಯಾ, ಮೆಕ್ಸಿಕೊ ಇದ್ದವು, ಭಾರತ ಇರಲಿಲ್ಲ. ಆ ಪಟ್ಟಿಯ ಕೆಲವು ದೇಶಗಳಿಗೂ ಆಮೇಲೆ ಬಂದ ಬೇರೆ ಕೆಲವಕ್ಕೂ ಏನಾಯಿತು ಎಂದು ನೋಡಿದರೆ ‘ಒಂದೇ ದೇಶ’ ಎಂಬ ಮಾತಿನ ತೂಕ ತಿಳಿಯುತ್ತದೆ.

ಜಪಾನಿನ ನಿಕ್ಕೆಯಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ರಲ್ಲಿ ನಿಂತಿತು. ಆಗ ಇಡೀ ಜಗತ್ತಿನ ಶೇರುಗಳ ಮೌಲ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಜಪಾನಿನದೇ. 2009ರ ಮಾರ್ಚ್‌ನಲ್ಲಿ ಅದೇ ಸೂಚ್ಯಂಕ 7,054. ಮತ್ತೆ 1989ರ ಮಟ್ಟ ದಾಟಿದ್ದು 2024ರ ಫೆಬ್ರುವರಿ 22ರಂದು. ಮೂವತ್ನಾಲ್ಕು ವರ್ಷ! ಮೂವತ್ತರಲ್ಲಿ ಹಣ ಹಾಕಿದವನು ಅರವತ್ತು ದಾಟಿದ ಮೇಲೆ ಅಸಲು ಕಂಡ. ಯುದ್ಧವಾಗಲಿ ಬರಗಾಲವಾಗಲಿ ಅಲ್ಲಿ ಬಂದಿರಲಿಲ್ಲ. ಕೊಂಡ ಬೆಲೆಯೇ ದುಬಾರಿ, ಅಷ್ಟೇ.

ಚೀನಾದ ಕಥೆ ಇನ್ನೂ ವಿಚಿತ್ರ. ಎಂಎಸ್‌ಸಿಐ ಚೀನಾ ಸೂಚ್ಯಂಕಕ್ಕೆ 1992ರ ಕೊನೆಯಲ್ಲಿ 100 ಎಂದು ಅಂಕಿ ಇಟ್ಟರು. 2022ರ ಅಕ್ಟೋಬರಿನಲ್ಲಿ ಅದು 50ರ ಆಸುಪಾಸಿನಲ್ಲಿತ್ತು. ಅದೇ ಮೂವತ್ತು ವರ್ಷಗಳಲ್ಲಿ ಚೀನಾದ ಆರ್ಥಿಕತೆ ಡಾಲರ್ ಲೆಕ್ಕದಲ್ಲಿ ಮೂವತ್ತು ಪಟ್ಟಿಗೂ ಮೀರಿ ಬೆಳೆದಿತ್ತು. ಮನುಷ್ಯನ ಇತಿಹಾಸದ ಅತಿ ದೊಡ್ಡ ಏಳಿಗೆಗಳಲ್ಲಿ ಒಂದು ಕಣ್ಣೆದುರು ನಡೆಯಿತು, ಶೇರುದಾರನಿಗೆ ಅರ್ಧ ದುಡ್ಡು ಉಳಿಯಿತು. ಕಂಪನಿಗಳು ಹೊಸ ಹೊಸ ಶೇರು ಮಾರುತ್ತ ಹೋದಂತೆ ಹಳಬರ ಪಾಲು ತೆಳುವಾಗುತ್ತ ಹೋಯಿತು, ಸರ್ಕಾರದ ಬ್ಯಾಂಕುಗಳು ಶೇರುದಾರನಿಗಿಂತ ಸರ್ಕಾರಕ್ಕಾಗಿ ದುಡಿದವು. ದೇಶದ ಬೆಳವಣಿಗೆ ಬೇರೆ, ಶೇರುದಾರನ ಗಳಿಕೆ ಬೇರೆ. ‘ಭಾರತ ಬೆಳೆಯುತ್ತದೆ, ಆದ್ದರಿಂದ ಶೇರು ಏರಲೇಬೇಕು’ ಎನ್ನುವವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಬಾಗಿಲೇ ಮುಚ್ಚಿದ ದೇಶಗಳಿವೆ. ಮಲೇಷ್ಯಾ 1998ರ ಸೆಪ್ಟೆಂಬರಿನಲ್ಲಿ ವಿದೇಶಿ ಹೂಡಿಕೆದಾರರ ಹಣ ಒಂದು ವರ್ಷ ಹೊರಹೋಗದಂತೆ ಬೀಗ ಹಾಕಿತು. ಈಜಿಪ್ಟಿನಲ್ಲಿ 2011ರಲ್ಲಿ ಜನ ಬೀದಿಗಿಳಿದಾಗ ಜನವರಿ ಕೊನೆಗೆ ಮುಚ್ಚಿದ ಶೇರು ಪೇಟೆ ತೆರೆದದ್ದು ಮಾರ್ಚ್ 23ಕ್ಕೆ. ಗ್ರೀಸಿನಲ್ಲಿ 2015ರಲ್ಲಿ ಐದು ವಾರ ಪೇಟೆ ಮುಚ್ಚಿತ್ತು. ತೆರೆದ ದಿನ ಶೇ 16 ಕುಸಿಯಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದ ಎರಡೇ ವಾರದಲ್ಲಿ ನ್ಯೂಯಾರ್ಕಿನ ರಷ್ಯಾ ಫಂಡುಗಳ ವಹಿವಾಟು ನಿಂತಿತು. ಎಂಎಸ್‌ಸಿಐ ತನ್ನ ಸೂಚ್ಯಂಕಗಳಿಂದ ರಷ್ಯಾದ ಶೇರುಗಳನ್ನು ತೆಗೆದುಹಾಕಿದ್ದು ಹತ್ತಿರ ಹತ್ತಿರ ಸೊನ್ನೆ ಬೆಲೆಗೆ. ಅಷ್ಟು ದೊಡ್ಡ ದೇಶ, ಅಷ್ಟು ಎಣ್ಣೆ, ಅಷ್ಟು ಅನಿಲ, ಬೆಲೆ ಸೊನ್ನೆ!

ಮುಳುಗಡೆಯ ಲೆಕ್ಕ

ಈ ಅಂಕಿಗಳೆಲ್ಲ ಬೀಳಗಿಗೂ ಜಮಖಂಡಿಗೂ ಈಗೇಕೆ ಬೇಕು ಎಂದರೆ, ಇದಕ್ಕಿಂತಲೂ ಬೆರಗಾಗಿಸುವ ಅಂಕಿಯೊಂದು ಈ ಕಡೆಗೇ ಬರುತ್ತಿದೆ.

ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಪರಿಹಾರದ ದರ ಕಟ್ಟಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಐದು ಮೀಟರಿಗೂ ಕಡಿಮೆ ಏರಿಕೆಗೆ 75,000 ಎಕರೆಗೂ ಹೆಚ್ಚು ಜಮೀನು ಮುಳುಗುತ್ತದೆ. ಭೂಸ್ವಾಧೀನ, ಪುನರ್ವಸತಿ ಎಲ್ಲ ಸೇರಿ ಅಂದಾಜು 70,000 ಕೋಟಿ ರೂಪಾಯಿ.

ಈ 70,000 ಕೋಟಿಯ ಗಾತ್ರ ತಿಳಿಯಲು ಒಂದು ಲೆಕ್ಕ ಮಾಡೋಣ. ಮುಂಬೈ ಪೇಟೆಯ ಎಲ್ಲ ಕಂಪನಿಗಳ 400 ಲಕ್ಷ ಕೋಟಿಯನ್ನು 145 ಕೋಟಿ ಜನರಿಗೆ ಸಮನಾಗಿ ಹಂಚಿದರೆ ತಲೆಗೆ ಸುಮಾರು 2.75 ಲಕ್ಷ. ಬಾಗಲಕೋಟೆ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 18.9 ಲಕ್ಷ ಜನ. ಅವರ ಪಾಲಿಗೆ 52,000 ಕೋಟಿ ಬರುತ್ತದೆ. ಇಡೀ ಭಾರತದ ಶೇರು ಪೇಟೆಯಲ್ಲಿ ಈ ಜಿಲ್ಲೆಗೆ ತಲೆಯೆಣಿಕೆಯಿಂದ ಸಿಗಬಹುದಾದ ಪಾಲಿಗಿಂತ ಈ ಒಂದು ಯೋಜನೆಯ ಭೂಮಿಯ ಬಾಬ್ತು ದೊಡ್ಡದು.

ಎಕರೆಗೆ 40 ಲಕ್ಷ ಎಂದರೆ 1,127 ಟನ್ ಕಬ್ಬಿನ ದುಡ್ಡು. ಎಕರೆಗೆ 40 ಟನ್ ಇಳುವರಿ ಹಿಡಿದರೆ ಖರ್ಚು ಕಳೆಯದ 28 ವರ್ಷದ ಬೆಳೆ ಒಂದೇ ಸಲ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಬಿದ್ದ ಮರುದಿನದಿಂದ ಕಾರು, ಸೈಟು, ಬಡ್ಡಿ ವ್ಯವಹಾರ, ‘ತಿಂಗಳಿಗೆ ಶೇ 5’ ಎನ್ನುವ ಸ್ಕೀಮು, ಎಲ್ಲವೂ ಮನೆ ಬಾಗಿಲಿಗೆ ಬರುತ್ತವೆ. ಹಿಂದಿನ ಮುಳುಗಡೆಯ ಹಣ ಎಲ್ಲಿ ಹೋಯಿತು ಎಂದು ಊರಿನ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಬರುವವರಲ್ಲಿ ಎಲ್ಲರಿಗಿಂತ ಅಪಾಯದವನು ಆಪ್ಷನ್ ಟ್ರೇಡಿಂಗ್ ಕಲಿಸಲು ಬರುವವನು. ಶೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಲೆಕ್ಕ ಹಾಕಿದಾಗ, ಫ್ಯೂಚರ್ಸ್–ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93 ಮಂದಿ ಮೂರು ವರ್ಷದಲ್ಲಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ. ದೇಶದ ಅತಿ ದೊಡ್ಡ ಇಟಿಎಫ್‌ನಲ್ಲಿ ಹತ್ತು ವರ್ಷ ಕೂಡಿಟ್ಟು ಬೆಳೆಸಿದ ಹಣಕ್ಕೆ ಹತ್ತಿರ ಹತ್ತಿರ ಸಮನಾದ ಮೊತ್ತ ಮೂರೇ ವರ್ಷದಲ್ಲಿ ಮೊಬೈಲ್ ಪರದೆಯ ಮೇಲೆ ಸುಟ್ಟುಹೋಗಿತ್ತು.

ನೆಲ ಕೊಟ್ಟ ಹಣವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಒಂದು ದೇಶ ಉತ್ತರ ಕಂಡುಕೊಂಡಿದೆ. 55 ಲಕ್ಷ ಜನರ ನಾರ್ವೆ, ಸಮುದ್ರದಡಿಯ ಎಣ್ಣೆಯ ದುಡ್ಡನ್ನು 1996ರಿಂದ ಒಂದು ನಿಧಿಗೆ ಹಾಕುತ್ತ ಬಂತು. 2024ರ ಕೊನೆಗೆ ಅದರಲ್ಲಿ ಸುಮಾರು 20 ಲಕ್ಷ ಕೋಟಿ ಕ್ರೋನ್ ಇತ್ತು. ನಮ್ಮ ರೂಪಾಯಿಯಲ್ಲಿ ಸುಮಾರು 150 ಲಕ್ಷ ಕೋಟಿ. ಬಾಗಲಕೋಟೆಯ ಮೂರು ಪಟ್ಟಿನಷ್ಟು ಜನ ಇರುವ ನಾಡಿನ ನಿಧಿಗೆ ಭಾರತದ ಇಡೀ ಶೇರು ಪೇಟೆಯ ಮೂರನೇ ಒಂದು ಪಾಲಿನಷ್ಟು ತೂಕ. ಜಗತ್ತಿನ ಎಲ್ಲ ಶೇರುಗಳಲ್ಲಿ ನೂರಕ್ಕೆ ಒಂದೂವರೆ ಪಾಲು ಅದರದು. ಆ ನಿಧಿ ನಾರ್ವೆಯಲ್ಲಿ ಒಂದು ಶೇರನ್ನೂ ಕೊಳ್ಳುವಂತಿಲ್ಲ. ದೇಶ ಹೇಗೂ ಎಣ್ಣೆಯ ಮೇಲೆ ನಿಂತಿದೆ, ಉಳಿತಾಯವಾದರೂ ಬೇರೆ ನೆಲದ ಮೇಲೆ ನಿಲ್ಲಲಿ ಎಂಬ ಲೆಕ್ಕಾಚಾರ ಅದು. ಎರಡನೆಯ ಕಟ್ಟಳೆ, ವರ್ಷಕ್ಕೆ ನಿಧಿಯ ಸುಮಾರು ಶೇ 3ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯಬೇಕು.

ಆ ಶೇ 3ನ್ನು ಒಂದು ಎಕರೆಯ ಪರಿಹಾರಕ್ಕೆ ಹಚ್ಚಿ ನೋಡಿ: ವರ್ಷಕ್ಕೆ 1.2 ಲಕ್ಷ ರೂಪಾಯಿ. 40 ಟನ್ ಕಬ್ಬು ಮಾರಿದರೆ ಬರುವುದು 1.42 ಲಕ್ಷ. ಅದರಲ್ಲಿ ಬೀಜ, ಗೊಬ್ಬರ, ನೀರು, ಕಟಾವು ಎಲ್ಲ ಕಳೆಯಬೇಕು. ಮುಳುಗಿದ ಎಕರೆ ನಾರ್ವೆಯ ಲೆಕ್ಕದಲ್ಲಿ ನೀರಿನಡಿಯಿಂದಲೂ ಬೆಳೆ ಕೊಡಬಲ್ಲದು, ಅಸಲನ್ನು ಯಾರೂ ಮುಟ್ಟದಿದ್ದರೆ.

ಹಾಗೆಂದು 40 ಲಕ್ಷವನ್ನೂ ಒಂದೇ ದಿನ ನಿಫ್ಟಿ ಇಟಿಎಫ್‌ಗೆ ಸುರಿಯುವುದು ಜಾಣತನವಲ್ಲ. 2008ರ ಜನವರಿಯಲ್ಲಿ ಸುರಿದವನ ಬಳಿ ಅದೇ ಅಕ್ಟೋಬರಿನಲ್ಲಿ 16 ಲಕ್ಷ ಉಳಿಯುತ್ತಿತ್ತು. ಹೊಲದ ಹಾಗೆ ಈ ಫಂಡು ಹಂಗಾಮಿಗೊಮ್ಮೆ ಬಿಲ್ಲನ್ನೂ ಕೊಡುವುದಿಲ್ಲ. ದುಡ್ಡು ಬೇಕಾದಾಗ ಯೂನಿಟ್ ಮಾರಬೇಕು, ಅಂದು ಬೆಲೆ ಬಿದ್ದಿದ್ದರೆ ಹೊಲವನ್ನೇ ತುಂಡು ಮಾಡಿ ಮಾರಿದಂತೆ. ನಾರ್ವೆಯ ದಾರಿ ಪೂರ್ತಿ ಹಿಡಿಯಲು ನಮಗೆ ಇನ್ನೊಂದು ಅಡ್ಡಿಯೂ ಇದೆ. ನಮ್ಮ ಮ್ಯೂಚುವಲ್ ಫಂಡುಗಳು ಎಲ್ಲ ಸೇರಿ ವಿದೇಶಿ ಶೇರುಗಳಲ್ಲಿ 700 ಕೋಟಿ ಡಾಲರ್, ವಿದೇಶಿ ಇಟಿಎಫ್‌ಗಳಲ್ಲಿ 100 ಕೋಟಿ ಡಾಲರ್ ಮಿತಿ ದಾಟುವಂತಿಲ್ಲ. ಮಿತಿ ತುಂಬಿದಾಗ ಹೊಸ ಯೂನಿಟ್ ಹುಟ್ಟುವುದು ನಿಲ್ಲುತ್ತದೆ, ಇದ್ದವಕ್ಕೇ ಜನ ಮುಗಿಬೀಳುತ್ತಾರೆ. ಇಲ್ಲಿನ ಪೇಟೆಯಲ್ಲಿ ಅಮೆರಿಕದ ಸೂಚ್ಯಂಕದ ಇಟಿಎಫ್‌ಗಳು ಒಳಗಿನ ಶೇರುಗಳ ನಿಜ ಬೆಲೆಗಿಂತ ಶೇ 10ಕ್ಕೂ ಹೆಚ್ಚು ದುಬಾರಿಯಾಗಿ ಮಾರಾಟವಾದ ದಿನಗಳಿವೆ. ಕೊಳ್ಳುವ ಮುನ್ನ ಯೂನಿಟ್ಟಿನ ಪೇಟೆ ದರದ ಪಕ್ಕದಲ್ಲಿ ಆ ನಿಜ ಬೆಲೆಯನ್ನು, ಅಂದರೆ ಎನ್‌ಎವಿಯನ್ನು, ಇಟ್ಟು ನೋಡಲೇಬೇಕು.

ಹಾಗಾದರೆ ತೀರ್ಮಾನ ಏನು? ಸಾಲ ಮೊದಲು ತೀರಿಸಿ. ಮಗಳ ಮದುವೆ, ಮಗನ ಕಾಲೇಜು, ಹೊಸ ಮನೆ ಎಂದು ಏಳು ವರ್ಷದೊಳಗೆ ಬೇಕಾಗುವ ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಉಳಿದದ್ದರಲ್ಲಿ ಒಂದು ಪಾಲನ್ನು ಮಾತ್ರ ದೇಶದ ಫಂಡಿಗೆ ಹಾಕಿ, ಅದನ್ನೂ ಎರಡು ಮೂರು ವರ್ಷಕ್ಕೆ ಹರಡಿ ಹಾಕಿ. ಪರಿಹಾರದ ಹಣ ಇಲ್ಲದವರು ಕಬ್ಬಿನ ಬಿಲ್ಲು ಬಂದಾಗಲೋ ಮಗ್ಗದ ಕೂಲಿ ಮಿಕ್ಕಾಗಲೋ ಒಂದೊಂದು ಟನ್ನಿನಷ್ಟು ಕೊಂಡರೂ ಸಾಕು. ಭಾರತ ಜಗತ್ತಿನ ಶೇರು ಪೇಟೆಯಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟೇ ಎಂಬುದು ನೆನಪಿರಲಿ. ನಿಮ್ಮ ಮನೆ, ಹೊಲ, ಬಂಗಾರ, ದುಡಿಮೆ ಎಲ್ಲವೂ ಆಗಲೇ ಆ ನಾಲ್ಕರೊಳಗೇ ಇವೆ. ಒಂದೇ ದೇಶದ ಫಂಡು ಒಂದೇ ಬೆಳೆಯ ಹೊಲಕ್ಕಿಂತ ಸಾವಿರ ಪಾಲು ಅಗಲ, ಆದರೂ ಅದು ಒಂದೇ ದೇಶ. ಹದಿನೈದು ವರ್ಷ ಮುಟ್ಟದೆ ಇರಬಲ್ಲ ಹಣವನ್ನು ಮಾತ್ರ ಅದಕ್ಕೆ ಕೊಡಿ.